ಹುಸೇನ್ ಸೆರಿಗ್ರಾಫ್ ಕೊಳ್ಳುವ ಮೊದಲು ಏನೇನು ನೋಡಬೇಕು?

ಪ್ರಶ್ನೆ: ನಮಸ್ಕಾರ ಸರ್. ಎಂ.ಎಫ್. ಹುಸೇನ್ ಅವರ ಕುದುರೆಗಳ ಸೆರಿಗ್ರಾಫ್ (ಸ್ಕ್ರೀನ್ ಪ್ರಿಂಟ್) ಒಂದು ಮಾರಾಟಕ್ಕಿದೆ. ಕೆಳಗಿನ ಅಂಚಲ್ಲಿ ಪೆನ್ಸಿಲ್ ಸಹಿ, 112/250 ಅಂತ ನಂಬರ್, ಅಂದರೆ ಒಟ್ಟು 250 ಪ್ರತಿಗಳಲ್ಲಿ 112ನೇ ನಂಬರಿನದು. ಸರ್ಟಿಫಿಕೇಟ್‌ನಲ್ಲಿ ಮುದ್ರಣದ ವರ್ಷ 2014 ಎಂದಿದೆ. ಅಂಚಲ್ಲಿ ಕಂದು ಚುಕ್ಕೆಗಳೂ ಇವೆ. ಮನೆ ಮಂಗಳೂರಲ್ಲಿ. ತಗೋಬಹುದಾ?

ಉತ್ತರ (ಪ್ರಿಂಟ್‌ಮೇಕರ್): ದುಡ್ಡು ಕೊಡಬೇಡಿ, ಮೊದಲು ಆ ವರ್ಷದ ಲೆಕ್ಕ ಕೇಳಿ. ಹುಸೇನ್ ಲಂಡನ್‌ನಲ್ಲಿ ತೀರಿಕೊಂಡದ್ದು 2011ರ ಜೂನ್ 9ರಂದು. 2014ರಲ್ಲಿ ಅಚ್ಚಾದ ಹಾಳೆಗೆ ಅವರ ಪೆನ್ಸಿಲ್ ಸಹಿ ಎಲ್ಲಿಂದ ಬಂತು? ಸರ್ಟಿಫಿಕೇಟ್ ಬರೆದ ವರ್ಷವನ್ನೇ ಮುದ್ರಣದ ವರ್ಷ ಅಂತ ನಮೂದಿಸಿರಬಹುದು. ಹಾಗಿದ್ದರೆ ಸರಿಯಾದ ವರ್ಷವನ್ನು ಪ್ರಿಂಟ್ ಹೊರತಂದ ಪ್ರಕಾಶಕರಿಂದ ಮಾರುವವರು ಬರಹದಲ್ಲಿ ತರಿಸಲಿ. ತರಿಸದಿದ್ದರೆ ಬಿಟ್ಟುಬಿಡಿ. ಸರ್ಟಿಫಿಕೇಟನ್ನೂ ಯಾರು ಬೇಕಾದರೂ ಅಚ್ಚು ಹಾಕಿಸಬಹುದು. ಅದರ ಶೀರ್ಷಿಕೆ, ಹಾಳೆಯ ಅಳತೆ, ನಂಬರ್ ಕೈಲಿರುವ ಪ್ರಿಂಟಿಗೆ ತಾಳೆಯಾಗಬೇಕು.

ಆಮೇಲೆ ಫ್ರೇಮ್‌ನಿಂದ ಹೊರಗೆ ತೆಗೆಸಿ ನೋಡಿ. ಗಾಜಿನ ಹಿಂದಿನಿಂದ ಏನೂ ಹೇಳಕ್ಕಾಗಲ್ಲ. 10 ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ (ಸಣ್ಣ ಭೂತಗನ್ನಡಿ) ಹಿಡಿಯಿರಿ. ಸೆರಿಗ್ರಾಫ್ ಅಂದರೆ ಸ್ಕ್ರೀನ್ ಪ್ರಿಂಟ್, ಬಿಗಿದ ಜಾಲರಿ ಬಟ್ಟೆಯ (ಸ್ಕ್ರೀನ್) ಮೂಲಕ ಬಣ್ಣ ಒತ್ತಿ ಅಚ್ಚು ಹಾಕೋದು, ಸಾಮಾನ್ಯವಾಗಿ ಬಣ್ಣಕ್ಕೊಂದು ಸ್ಕ್ರೀನ್. ಹಾಗಾಗಿ ಬಣ್ಣ ಗಟ್ಟಿಯಾಗಿ, ಒಂದೇ ಸಮ ಕೂತಿರುತ್ತೆ. ಒಂದರ ಮೇಲೊಂದು ಬಿದ್ದ ಕಡೆ ಅಂಚು ಸ್ವಲ್ಪ ಉಬ್ಬಿರುತ್ತೆ. ನೀಲಿ, ಗುಲಾಬಿ, ಹಳದಿ, ಕಪ್ಪು ಚುಕ್ಕೆಗಳು ಹೂವಿನ ಹಾಗೆ ಸುತ್ತಿಕೊಂಡಿದ್ದರೆ ಆಫ್‌ಸೆಟ್, ಅಂದರೆ ಪುಸ್ತಕ, ಪೋಸ್ಟರ್ ಅಚ್ಚಾಗುವ ಮಷೀನಿನ ಮುದ್ರಣ. ಕ್ರಮವಿಲ್ಲದ ಸಣ್ಣ ತುಂತುರು ಕಂಡರೆ ಇಂಕ್‌ಜೆಟ್. ನೆರಳಿನ ಭಾಗಕ್ಕೆ ಕೆಲವು ಸ್ಕ್ರೀನ್ ಪ್ರಿಂಟಲ್ಲೂ ಚುಕ್ಕೆ ಬಳಸುತ್ತಾರೆ, ಅದಕ್ಕೇ ಹೆದರಬೇಡಿ.

ಪ್ರಶ್ನೆ: ಸಹಿ ಕೈಯಲ್ಲೇ ಹಾಕಿದ್ದು ಅಂತ ಹೇಗೆ ತಿಳಿಯೋದು?

ಉತ್ತರ (ಪ್ರಿಂಟ್‌ಮೇಕರ್): ಟಾರ್ಚನ್ನು ಹಾಳೆಯ ಪಕ್ಕದಿಂದ, ಅಡ್ಡಲಾಗಿ ಬಿಡಿ. ಪೆನ್ಸಿಲ್ ಆಗಿದ್ದರೆ ಗೆರೆ ಬೂದು ಮಿನುಗುತ್ತೆ, ಒತ್ತಿದ ಕಡೆ ಕಾಗದ ತಗ್ಗಿರುತ್ತೆ. ಇದರಿಂದ ಕೈಬರಹ ಹೌದೋ ಅಲ್ಲವೋ ಅನ್ನುವುದಷ್ಟೇ ಗೊತ್ತಾಗೋದು. ಆ ಕೈ ಹುಸೇನರದೇ ಅನ್ನೋದಕ್ಕೆ ಪ್ರಿಂಟ್ ಯಾರಿಂದ ಯಾರಿಗೆ ಹೋಯಿತು ಎಂಬ ಬಿಲ್ಲುಗಳೇ ಬೇಕು.

ಉತ್ತರ (ಫ್ರೇಮ್ ಕೆಲಸದವರು): ಕಂದು ಚುಕ್ಕೆ ಹೆಚ್ಚಾಗಿ ತೇವದ, ಬೂಷ್ಟಿನ ಕೆಲಸ. ಬ್ಲೀಚ್, ರಬ್ಬರ್ ಏನೂ ಮುಟ್ಟಿಸಬೇಡಿ. ಕಾಗದದ ಸಂರಕ್ಷಣೆ ಮಾಡುವವರಿಗೆ ತೋರಿಸಿ. ಹೊಸ ಫ್ರೇಮಿಗೆ ಆಸಿಡ್-ಫ್ರೀ ಮೌಂಟ್ ಬೋರ್ಡ್ (ಗಾಜಿಗೂ ಪ್ರಿಂಟಿಗೂ ನಡುವೆ, ಚಿತ್ರದ ಸುತ್ತ ಕೂರುವ ಆಮ್ಲವಿಲ್ಲದ ರಟ್ಟು), ನಾಲ್ಕು ಪ್ಲೈ ಅಂದರೆ ನಾಲ್ಕು ಪದರದ್ದು ಕೇಳಿ. ಅಷ್ಟು ದಪ್ಪವಿದ್ದರೆ ಗಾಜು ಬಣ್ಣಕ್ಕೆ ತಾಗಲ್ಲ. ತಾಗಿದರೆ ನಿಮ್ಮೂರ ಮಳೆಗಾಲದಲ್ಲಿ ಅಂಟಿಕೊಂಡು, ಬಿಡಿಸುವಾಗ ಬಣ್ಣವೇ ಕಿತ್ತು ಬರುತ್ತೆ. ಪ್ರಿಂಟನ್ನು ಮೇಲಂಚಿನ ಎರಡು ಕಡೆ ಮಾತ್ರ ಜಪಾನಿ ಕಾಗದದ ಪಟ್ಟಿ, ಗೋಧಿ ಪಿಷ್ಟದ ಅಂಟಿನಿಂದ ತೂಗಿಸಬೇಕು. ಸೆಲ್ಲೋಟೇಪ್, ಫೆವಿಕಾಲ್, ಲ್ಯಾಮಿನೇಷನ್ ಬೇಡವೇ ಬೇಡ. ಫ್ರೇಮಿಗೆ ಕೂರಲ್ಲ ಅಂತ ಅಂಚು ಕತ್ತರಿಸಲು ಬಿಡಬೇಡಿ, ಬೆಲೆ ಅಲ್ಲೇ ಬಿತ್ತು. ಹಿಂಬದಿಗೆ ಪ್ಲೈವುಡ್ ನೇರವಾಗಿ ಇಡುವುದೂ ತಪ್ಪು, ಅದರ ಆಮ್ಲ ಹಾಳೆಗೆ ಇಳಿಯುತ್ತೆ. ಫ್ರೇಮಿನ ಹಿಂದೆ ನಾಲ್ಕು ಮೂಲೆಗೂ ಸಣ್ಣ ರಬ್ಬರ್ ಗುಂಡಿ ಅಂಟಿಸಿ, ಗೋಡೆಗೂ ಫ್ರೇಮಿಗೂ ನಡುವೆ ಗಾಳಿಯಾಡಲಿ. ಮಳೆ ಬಡಿಯುವ ಹೊರಗೋಡೆಗೆ ತೂಗು ಹಾಕಬೇಡಿ.

ಪ್ರಶ್ನೆ: 112ರ ಬದಲು 5/250 ಆಗಿದ್ದರೆ ಬೆಲೆ ಜಾಸ್ತಿನಾ?

ಉತ್ತರ (ಪ್ರಿಂಟ್‌ಮೇಕರ್): ಕೆಲವರು ಜಾಸ್ತಿ ಕೇಳ್ತಾರೆ, ಕಾರಣ ಮಾತ್ರ ಇಲ್ಲ. ಲೋಹದ ತಗಡಿನ ಮೇಲೆ ಸೂಜಿಯಿಂದ ಗೀರಿ ಅಚ್ಚು ಹಾಕುವ ಡ್ರೈಪಾಯಿಂಟಲ್ಲಿ ತಗಡು ಸವೆಯುತ್ತೆ, ಮೊದಲ ಪ್ರತಿಗಳು ನಿಜಕ್ಕೂ ಚೆನ್ನಾಗಿರುತ್ತವೆ. ಸ್ಕ್ರೀನ್ ಪ್ರಿಂಟಲ್ಲಿ ಹಾಗಿಲ್ಲ. ನಂಬರನ್ನು ಅಚ್ಚಾದ ಕ್ರಮದಲ್ಲೇ ಹಾಕುತ್ತಾರೆ ಅಂತಲೂ ಇಲ್ಲ. ಎ.ಪಿ. ಅಂತ ಬರೆದ ಕಲಾವಿದರ ಪ್ರತಿಗಳು ಈ 250ರ ಲೆಕ್ಕದ ಹೊರಗಿರುತ್ತವೆ, ಅವೆಷ್ಟು ಅಂತಲೂ ಮಾರುವವರನ್ನು ಕೇಳಿ.