ಒಂದೇ ತೂಕಕ್ಕೆ ಎರಡು ಪೀಕ್: ಐಸೋಮರ್ (ತೂಕ ಒಂದೇ, ಜೋಡಣೆ ಬೇರೆ) ಅಂತ ಬರೀಬಹುದಾ?

ಪ್ರಶ್ನೆ: ಮೇಡಂ, ನಾನು ಪಿಎಚ್‌ಡಿ ಎರಡನೇ ವರ್ಷ. ಲಿವರ್ ಕಾಯಿಲೆಯವರ ಸೀರಮ್‌ನಿಂದ ಪಿಎನ್‌ಜಿಯೇಸ್ ಎಫ್ ಕಿಣ್ವ ಹಾಕಿ ಪ್ರೋಟೀನಿಗೆ ಅಂಟಿದ ಸಕ್ಕರೆ ಸರಪಳಿ (ಗ್ಲೈಕಾನ್) ಬಿಡಿಸಿ, ಗ್ರಾಫೈಟ್ ಕಾಲಮ್‌ನಲ್ಲಿ ಬೇರೆ ಮಾಡಿ ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ ಓಡಿಸಿದೆ. ಎರಡು ಸಯಾಲಿಕ್ ಆಮ್ಲ (ಒಂದು ಬಗೆಯ ಸಕ್ಕರೆ) ಇರೋ ಗ್ಲೈಕಾನ್ 1110.4ರಲ್ಲಿ (m/z, ಎರಡು ಋಣ ಚಾರ್ಜ್) ಎರಡು ಪೀಕ್ ಕೊಡ್ತಿದೆ, ಮಧ್ಯೆ ಒಂದು ನಿಮಿಷ ಅಂತರ. ಒಂದು 2,3 ಜೋಡಣೆ (ಸಯಾಲಿಕ್ ಆಮ್ಲ ಪಕ್ಕದ ಸಕ್ಕರೆಯ 3ನೇ ಕಾರ್ಬನ್‌ಗೆ ಅಂಟಿದ್ದು), ಇನ್ನೊಂದು 2,6 (6ನೇದಕ್ಕೆ ಅಂಟಿದ್ದು) ಅಂತ ಬರೆದುಬಿಡಲಾ? ನಾಳಿದ್ದು ಗೈಡ್‌ಗೆ ತೋರಿಸಬೇಕು.

ಉತ್ತರ: ಬರೀಬೇಡಿ. ನೀವು ಗ್ಲೈಕಾನಿನ ತುದಿಗೆ ಹೈಡ್ರೋಜನ್ ಸೇರಿಸಿಲ್ಲ (ರಿಡ್ಯೂಸ್ ಮಾಡಿಲ್ಲ) ಅಂತ ಆ ಸಂಖ್ಯೆಯೇ ಹೇಳ್ತಿದೆ. ಮಾಡಿದ್ದರೆ ಎರಡು ಹೈಡ್ರೋಜನ್ ಸೇರಿ ತೂಕ 2 ಏರಿ, ಚಾರ್ಜ್ ಎರಡಿರೋದರಿಂದ 1111.4 ಬರ್ತಿತ್ತು. ರಿಡ್ಯೂಸ್ ಮಾಡದಿದ್ದರೆ ಆ ತುದಿಯ ಸಕ್ಕರೆ ಆಲ್ಫಾ, ಬೀಟಾ ಎರಡೂ ರೂಪದಲ್ಲಿ ಇರುತ್ತೆ. ಗ್ರಾಫೈಟ್ ಎಷ್ಟು ಸೂಕ್ಷ್ಮ ಅಂದ್ರೆ ಅವನ್ನೂ ಬೇರೆ ಮಾಡಿಬಿಡುತ್ತೆ. ನಿಮ್ಮ ಎರಡು ಪೀಕ್ ಒಂದೇ ಗ್ಲೈಕಾನ್ ಇರಬಹುದು.

ರಿಡ್ಯೂಸ್ ಮಾಡೋ ಕ್ರಮ: 50 ಮಿಲಿಮೋಲಾರ್ ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಲ್ಲಿ 1 ಮೋಲಾರ್ ಸೋಡಿಯಂ ಬೋರೋಹೈಡ್ರೈಡ್, 50 ಡಿಗ್ರಿ, 3 ಗಂಟೆ. ಟ್ಯೂಬಿನ ಮುಚ್ಚಳ ಬಿಗಿಯಾಗಿ ಹಾಕಬೇಡಿ, ಹೈಡ್ರೋಜನ್ ಬರುತ್ತೆ. ಕೊನೆಗೆ ಅಸಿಟಿಕ್ ಆಮ್ಲ ತೊಟ್ಟು ತೊಟ್ಟಾಗಿ ಹಾಕಿ. ಅವಸರಪಟ್ಟರೆ ನೊರೆ ಉಕ್ಕಿ ಸ್ಯಾಂಪಲ್ ಬೆಂಚ್ ಮೇಲೆ. ನನಗಾಗಿದೆ.

ಇನ್ನೊಂದು ಮಾತು. ಸಯಾಲಿಕ್ ಆಮ್ಲ ಎರಡಿದ್ದಾಗ ಬರೀ 2,3 ಅಥವಾ 2,6 ಅನ್ನೋ ಲೆಕ್ಕವೇ ತಪ್ಪು. ಎರಡೂ 2,6, ಎರಡೂ 2,3, ಇಲ್ಲವೇ ಒಂದೊಂದು. ಇದಕ್ಕೆ ಈಥೈಲ್ ಎಸ್ಟರ್ ಮಾಡೋದು ಅಗ್ಗದ ದಾರಿ: 2,6 ಇದ್ದರೆ ತೂಕ 28 ಏರುತ್ತೆ, 2,3 ಇದ್ದರೆ ನೀರು ಕಳೆದುಕೊಂಡು ಲ್ಯಾಕ್ಟೋನ್ ಆಗಿ 18 ಇಳಿಯುತ್ತೆ. ಎರಡೂ 2,6 ಆದರೆ +56, ಒಂದೊಂದಾದರೆ +10, ಎರಡೂ 2,3 ಆದರೆ −36. ಒಂದೇ ತೂಕದವು ಮೂರು ತೂಕಕ್ಕೆ ಒಡೆಯುತ್ತವೆ. ಯಾವ ಕವಲಲ್ಲಿ ಯಾವುದು ಅಂತ ಮಾತ್ರ ಇದು ಹೇಳಲ್ಲ. ಅದಕ್ಕೆ ಕಾಲಮ್ಮೇ ಬೇಕು. ಅಯಾನುಗಳನ್ನು ಆಕಾರದ ಮೇಲೆ ಬೇರೆ ಮಾಡೋ ಅಯಾನ್ ಮೊಬಿಲಿಟಿ ಯಂತ್ರಕ್ಕೆ ಅರ್ಜಿ ಬರೆಯೋದು ಇದೆಲ್ಲ ಆದಮೇಲೆ.

ಇನ್ನೊಬ್ಬ ಸದಸ್ಯರು: ಆಸ್ಪತ್ರೆಯಲ್ಲಿ ಮಾಡಿಸೋ ಸಿಎ 19-9 (ಮೇದೋಜೀರಕ ಗ್ರಂಥಿಯ ಗಡ್ಡೆಗೆ ನೋಡೋ ರಕ್ತ ಪರೀಕ್ಷೆ) ಇದಕ್ಕೂ ಅದಕ್ಕೂ ಸಂಬಂಧ ಇದೆಯಾ?

ಉತ್ತರ: ಇದೆ. ಅದು ಹಿಡಿಯೋದು ಸಯಾಲಿಲ್ ಲೂಯಿಸ್ ಎ ಅನ್ನೋ ನಾಲ್ಕು ಸಕ್ಕರೆಯ ತುಣುಕನ್ನು. ಸಯಾಲಿಲ್ ಲೂಯಿಸ್ ಎಕ್ಸ್‌ನಲ್ಲೂ ಅವೇ ನಾಲ್ಕು ಸಕ್ಕರೆ, ತೂಕವೂ ಅದೇ, ಜೋಡಣೆ ಮಾತ್ರ ಬೇರೆ. ಅಲ್ಲಿ ಗುರುತು ಹಿಡಿಯೋ ಕೆಲಸ ಆಂಟಿಬಾಡಿಯದು. ಲೂಯಿಸ್ ನೆಗೆಟಿವ್ ರಕ್ತದ ಗುಂಪಿನವರು ಈ ಸಕ್ಕರೆಯನ್ನು ಕಟ್ಟಲಾರರು. ಹಾಗಾಗಿ ಮೇದೋಜೀರಕ ಗ್ರಂಥಿಯಲ್ಲಿ ಗಡ್ಡೆ ಇದ್ದರೂ ಅವರ ರಿಪೋರ್ಟ್ ಕಡಿಮೆಯೇ ತೋರಿಸಬಹುದು.

ಪ್ರಶ್ನೆ ಕೇಳಿದವರು: ಮೇಡಂ, ರಿಡ್ಯೂಸ್ ಮಾಡಿದೆ. ಎರಡು ಹೋಗಿ ಒಂದಾಯ್ತು, 1111.4. ಬಲಕ್ಕೆ ಸಣ್ಣ ಗೂನು ಉಳಿದಿದೆ.

ಉತ್ತರ: ಆ ಗೂನನ್ನು ಬಿಡಬೇಡಿ. ಈ ಕಾಲಮ್‌ನಲ್ಲಿ 2,3 ಸಾಮಾನ್ಯವಾಗಿ ತಡವಾಗಿ ಇಳಿಯುತ್ತೆ. 2,3 ಮಾತ್ರ ಕತ್ತರಿಸೋ ಸಯಾಲಿಡೇಸ್ ಕಿಣ್ವ ಹಾಕಿ ಮತ್ತೆ ಓಡಿಸಿ, ಗೂನು ಹೋಯ್ತಾ ನೋಡಿ.