ಗಾಳಿ ಪುಕ್ಕಟೆ, ಪೆಟ್ರೋಲ್ ದುಬಾರಿ

ನಮ್ಮ ಗುಂಪಿನಲ್ಲಿ ಅಪ್ಪ-ಅಮ್ಮ ಇಟ್ಟ ಹೆಸರಿಗೆ ಬೆಲೆ ಇಲ್ಲ. ಬ್ಯಾಂಕಿನಲ್ಲಿ ಕೆಲಸ ಮಾಡುವವನು ‘ಬ್ಯಾಂಕು’. ಹಳೆ ಬುಲೆಟ್ ಇಟ್ಟುಕೊಂಡವನು ‘ಬುಲೆಟ್’. ಇವನಿಗೆ ಗೋಕಾಕದ ಕಡೆ ಕಬ್ಬಿನ ಹೊಲವೂ ಇದೆ, ಆದರೆ ‘ಕಬ್ಬು’ ಅಂತ ಕರೆದರೆ ಸಿಟ್ಟು ಬರುತ್ತದೆ. ಬೆಂಗಳೂರಿನ ಕಂಪನಿಗೆ ಬೆಳಗಾವಿಯ ಟಿಳಕವಾಡಿಯ ಮನೆಯಲ್ಲೇ ಕೂತು ಕೆಲಸ ಮಾಡುವವನು ‘ಲ್ಯಾಪ್‌ಟಾಪ್’. ಭಾನುವಾರ ಎಲ್ಲರೂ ಸೇರುವುದು ಉದ್ಯಮಬಾಗ್ ಕಡೆಯ ಒಂದು ಗ್ಯಾರೇಜಿನಲ್ಲಿ. ಸುತ್ತ ಫೌಂಡ್ರಿ, ಲೇತ್ ಅಂಗಡಿಗಳು. ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸುವುದು ಅಲ್ಲಿ ಭಾನುವಾರ ಮಾತ್ರ. ಗ್ಯಾರೇಜಿನ ಒಡೆಯ ಮಿಸ್ತ್ರಿ ಕಾಕಾ. ಅವರೊಬ್ಬರಿಗೇ ನಾವು ‘ರೀ’ ಹಚ್ಚುವುದು.

ಮೊನ್ನೆ ಬ್ಯಾಂಕು ಮುಖ ಸಣ್ಣದು ಮಾಡಿಕೊಂಡು ಬಂದ. ಗಾಡಿಯ ಎವರೇಜ್ ಲೀಟರಿಗೆ 45 ಕಿಲೋಮೀಟರ್ ಇದ್ದದ್ದು 37ಕ್ಕೆ ಇಳಿದಿದೆಯಂತೆ. ಅಂದಾಜಿನ ಮಾತಲ್ಲ. ಪೆಟ್ರೋಲ್ ಹಾಕಿಸಿದಾಗಲೆಲ್ಲ ಡೈರಿಯಲ್ಲಿ ಬರೆದು, ಕೆಳಗೆ ಗೆರೆ ಎಳೆದು, ಸಹಿ ಮಾಡುವ ಮನುಷ್ಯ ಅವನು.

“ಕಾಕಾ ಪ್ಲಗ್ ಬದಲಿಸಿದರು. ಏರ್ ಫಿಲ್ಟರ್ ಬದಲಿಸಿದರು. ಚೈನ್ ಬಿಗಿ ಮಾಡಿದರು. ಎಲ್ಲದರ ಬಿಲ್ಲೂ ಇದೆ, ಎವರೇಜ್ ಮಾತ್ರ ಇಲ್ಲ” ಅಂದ.

“ಗಾಡಿ ಓಡಿಸುವವರು ಯಾರು?” ಕಾಕಾ ಕೇಳಿದರು.

“ವಾರವೆಲ್ಲ ಮಗ ಓಡಿಸುತ್ತಾನೆ. ಪೆಟ್ರೋಲ್ ಹಾಕಿಸುವುದು ನಾನು.”

ಬುಲೆಟ್‌ಗೆ ಆ ಗಾಡಿಯಲ್ಲಿ ಯಾವ ದೋಷವೂ ಕಾಣಲಿಲ್ಲ. “ಇದಕ್ಕೇನಾಗಿದೆ? ಸೌಂಡ್ ಎಷ್ಟು ಚೆಂದ ಇದೆ! ರೇಸ್ ಬಿಟ್ಟ ಕೂಡಲೇ ಪಟ ಪಟ ಅನ್ನುತ್ತದೆ.” ಮಗ ಗಣಪತಿ ಹಬ್ಬದ ಹೊತ್ತಿಗೆ, ಎಂಜಿನ್ನಿಂದ ಹೊಗೆ ತರುವ ಬೆಂಡ್ ಪೈಪ್ ಸಮೇತ ಸೈಲೆನ್ಸರ್ ಬದಲಿಸಿದ್ದ. ಹಬ್ಬದ ಗದ್ದಲದಲ್ಲಿ ಅಪ್ಪನಿಗೆ ಗೊತ್ತೇ ಆಗಿರಲಿಲ್ಲ. ಬೆಳಗಾವಿಯ ಗಣಪತಿ ಗದ್ದಲದಲ್ಲಿ ವಿಮಾನ ಇಳಿದರೂ ಗೊತ್ತಾಗುವುದಿಲ್ಲ ಬಿಡಿ.

ಆಗ ಲ್ಯಾಪ್‌ಟಾಪ್ ತನ್ನ ಚೀಲದ ಜಿಪ್ ಎಳೆದ. “ಸುಮ್ನೆ ಯಾಕೆ ವಾದ? ಗಾಡಿಯನ್ನೇ ಕೇಳೋಣ.”

ಹೊರಗೆ ಬಂದದ್ದು ಒಂದು ಕೇಬಲ್. ಒಂದು ತುದಿ ಕಂಪ್ಯೂಟರಿಗೆ. ಇನ್ನೊಂದು ತುದಿಯಲ್ಲಿ ಕಾರಿಗೆ ಹಚ್ಚುವ 16 ಪಿನ್ನಿನ ದೊಡ್ಡ ಬಾಯಿ. ಬೈಕಿನಲ್ಲಿ ಇರುವುದು 6 ಪಿನ್ನಿನ ಸಣ್ಣದು. ಅದಕ್ಕೆಂದೇ ನಡುವೆ ಒಂದು ಜೋಡಣೆ ವೈರನ್ನೂ ತಂದಿದ್ದ. ಆದರೆ ಆ 6 ಪಿನ್ನು ಗಾಡಿಯಲ್ಲಿ ಎಲ್ಲಿದೆ? ಸೀಟ್ ಬಿಚ್ಚಿದ್ದಾಯಿತು, ಬ್ಯಾಟರಿ ಪಕ್ಕ ಹುಡುಕಿದ್ದಾಯಿತು. ಕೊನೆಗೆ ಕಾಕಾನೇ ವೈರಿನ ಕಟ್ಟಿನೊಳಗೆ ಕೈ ಹಾಕಿ ರಬ್ಬರ್ ಟೊಪ್ಪಿಗೆ ಹಾಕಿಕೊಂಡಿದ್ದ ಒಂದು ಕನೆಕ್ಟರ್ ಎಳೆದರು. “ಇದಾ? ಇದು ಯಾವುದಕ್ಕೂ ಬೇಡದ ವೈರು ಅಂತ ಇಷ್ಟು ದಿನ ಟೇಪ್ ಸುತ್ತಿ ಒಳಗೆ ತುರುಕುತ್ತಿದ್ದೆ.”

ಕೇಬಲ್ ಹಚ್ಚಿದರೆ ಕಂಪ್ಯೂಟರಿಗೆ ಅದರ ಗುರುತೇ ಇಲ್ಲ. ಕೇಬಲ್ ಒಳಗಿನ ಚಿಪ್ಪಿಗೆ ಡ್ರೈವರ್ ಅನ್ನುವ ಸಾಫ್ಟ್‌ವೇರ್ ಬೇಕು ಅಂದ ಲ್ಯಾಪ್‌ಟಾಪ್. ಬುಲೆಟ್ ತಕ್ಷಣ, “ನಮ್ಮ ಊರಿಂದ ಟ್ರ್ಯಾಕ್ಟರ್ ಡ್ರೈವರನ್ನ ಕಳಿಸಲಾ?” ಅಂದ. ಯಾರೂ ನಗಲಿಲ್ಲ. ಡ್ರೈವರ್ ಹಾಕಿದ ಮೇಲೂ ಪರದೆ ಖಾಲಿ. ಕೀ ಆನ್ ಇದೆ, ದೀಪ ಉರಿಯುತ್ತಿದೆ, ಉತ್ತರ ಮಾತ್ರ ಇಲ್ಲ.

“ಒಟಿಪಿ ಬಂದಿರಬೇಕು, ಮಗನ ನಂಬರಿಗೆ” ಅಂದ ಬ್ಯಾಂಕು. ತಮಾಷೆಗೆ ಅಲ್ಲ, ನಿಜವಾಗಿಯೂ.

ಕಾಕಾ ಬಂದು ಹ್ಯಾಂಡಲ್ ಮೇಲಿನ ಕೆಂಪು ಕಿಲ್ ಸ್ವಿಚ್, ಅಂದರೆ ಎಂಜಿನ್ ನಿಲ್ಲಿಸುವ ಸ್ವಿಚ್, ಒತ್ತಿ ಆನ್ ಮಾಡಿದರು. ಪರದೆ ತುಂಬ ಅಂಕಿ. ಕೆಲವು ಗಾಡಿಗಳಲ್ಲಿ ಇಸಿಯುಗೆ, ಅಂದರೆ ಎಂಜಿನ್ ನಡೆಸುವ ಪುಟ್ಟ ಕಂಪ್ಯೂಟರಿಗೆ, ಕರೆಂಟ್ ಹೋಗುವುದು ಆ ಸ್ವಿಚ್ಚಿನ ಮೂಲಕವೇ. ಅದು ಆಫ್ ಇದ್ದರೆ ಗಾಡಿ ಮೌನವ್ರತ.

ಬುಲೆಟ್ ಬಗ್ಗಿ ನೋಡಿ, “ನನ್ನ ಗಾಡಿಗೂ ಒಮ್ಮೆ ಚುಚ್ಚು” ಅಂದ.

“ಎಲ್ಲಿ ಚುಚ್ಚಲಿ ಲೇ? ನಿನ್ನದು ಕಾರ್ಬೊರೇಟರ್. ಅದರಲ್ಲಿ ಇಸಿಯು ಇಲ್ಲ. 2020ರ ಏಪ್ರಿಲ್ 1ರಿಂದ ಹೊಗೆಯ ಹೊಸ ನಿಯಮ ಬಿಎಸ್‌6 ಬಂತಲ್ಲ, ಆಮೇಲೆ ಬಂದ ಗಾಡಿಗಳಲ್ಲಿ ಹೆಚ್ಚಿನವು ಇಂಜೆಕ್ಟರಿನವು, ಇಸಿಯು ಹೇಳಿದಷ್ಟೇ ಪೆಟ್ರೋಲ್ ಸಿಂಪಡಿಸುವಂಥವು. ನಿನ್ನದು ಅದಕ್ಕೂ ಮೊದಲಿನದು.”

“ಬುದ್ಧಿನೇ ಇಲ್ಲ ಅನ್ನು” ಅಂದ ಬ್ಯಾಂಕು. ಗಾಡಿಗೆ ಅಂದನೋ ಒಡೆಯನಿಗೆ ಅಂದನೋ, ಅದರ ಮೇಲೆ ಒಂದು ಸುತ್ತು ಚಹಾ ಮುಗಿಯಿತು.

ಅಷ್ಟರಲ್ಲಿ ಲ್ಯಾಪ್‌ಟಾಪ್ ಎಂಜಿನ್ ಚಾಲು ಮಾಡಿ ಬಿಸಿ ಆಗಲು ಬಿಟ್ಟಿದ್ದ. ಸೈಲೆನ್ಸರ್ ಪೈಪಿನಲ್ಲಿ ಆಕ್ಸಿಜನ್ ಸೆನ್ಸರ್ ಅಂತ ಒಂದಿದೆ. ಅದು 300 ಡಿಗ್ರಿ ದಾಟಿ ಕಾದ ಮೇಲೆಯೇ ಬಾಯಿ ಬಿಡುವುದು. ಸುಟ್ಟ ಹೊಗೆಯಲ್ಲಿ ಆಕ್ಸಿಜನ್ ಉಳಿದಿದೆಯೋ ಇಲ್ಲವೋ ಅಂತ ಇಸಿಯುಗೆ ಹೇಳುತ್ತದೆ. ಉಳಿದಿದ್ದರೆ ಪೆಟ್ರೋಲ್ ಕಡಿಮೆ ಬಿತ್ತು ಅಂತ ಲೆಕ್ಕ. ಇಸಿಯು ಇಂಜೆಕ್ಟರನ್ನು ಇನ್ನಷ್ಟು ಹೊತ್ತು ತೆರೆದಿಡುತ್ತದೆ. ಹೊತ್ತು ಅಂದರೆ ಎಷ್ಟು? ನಿಂತಲ್ಲೇ ಎಂಜಿನ್ ಓಡುವಾಗ ಎರಡೋ ಮೂರೋ ಮಿಲಿಸೆಕೆಂಡ್.

“ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯೋಕೆ 14.7 ಗ್ರಾಂ ಗಾಳಿ ಬೇಕು” ಅಂತ ಲ್ಯಾಪ್‌ಟಾಪ್ ಪಾಠ ಶುರು ಮಾಡಿದ.

ಬ್ಯಾಂಕಿನ ಕಣ್ಣು ಹೊಳೆಯಿತು. “ಗಾಳಿ ಪುಕ್ಕಟೆ ಅಲ್ವಾ? ಹಾಗಾದರೆ 20 ಗ್ರಾಂ ಕೊಡು! ಪೆಟ್ರೋಲ್ ಉಳಿಯುತ್ತದೆ.”

“ಉಳಿಯುತ್ತದೆ. ಎಂಜಿನ್ ಉಳಿಯೋದಿಲ್ಲ. ಪೆಟ್ರೋಲ್ ಕಡಿಮೆಯಾದರೆ ಉರಿ ತಡವರಿಸುತ್ತದೆ, ಎಂಜಿನ್ ಬಿಸಿ ಏರುತ್ತದೆ, ಲೋಡ್ ಬಿದ್ದಾಗ ಒಳಗೆ ಕಟಕಟ ಬಡಿಯುವ ನಾಕಿಂಗ್ ಬರುತ್ತದೆ. ಗೋವಾದಿಂದ ಬರುತ್ತ ಚೋರ್ಲಾ ಘಾಟ್ ಏರುವಾಗ ವಾಲ್ವ್ ಸುಟ್ಟರೆ ಬೆಳಗಾವಿ ತನಕ ನೂಕಿಕೊಂಡು ಬಾ. ಪಿಕಪ್ ಬೇಕು ಅನ್ನುವವರು ಉಲ್ಟಾ ಮಾಡುತ್ತಾರೆ, 13ರ ಹತ್ತಿರ ಇಳಿಸುತ್ತಾರೆ. ಅಲ್ಲಿ ಜೋರು ಹೆಚ್ಚು, ಖರ್ಚೂ ಹೆಚ್ಚು. ಮತ್ತೆ 14.7 ಅನ್ನೋದು ಬರೀ ಪೆಟ್ರೋಲಿಗೆ. ಈಗ ಬಂಕಿನಲ್ಲಿ ಬರುವ 20 ಪರ್ಸೆಂಟ್ ಎಥೆನಾಲ್ ಬೆರೆಸಿದ್ದಕ್ಕೆ ಅದು 13.5ರ ಆಸುಪಾಸು.”

ಎಥೆನಾಲ್ ಅಂದ ಕೂಡಲೇ ಬುಲೆಟ್ ಎದ್ದು ಕೂತ. “ಅದು ನಮ್ಮ ಕಬ್ಬಿನದು! ಬ್ಯಾಂಕು, ನನ್ನ ಕಬ್ಬು ನಿನ್ನ ಟಾಂಕಿಯಲ್ಲಿ ಓಡುತ್ತಿದೆ. ಅದರ ಬಿಲ್ಲಿಗೆ ಮಾತ್ರ ನಾನೇ ಓಡಾಡುತ್ತಿದ್ದೇನೆ.”

ಪರದೆಯ ಮೇಲೆ ಒಂದು ಕೋಡ್ ಕಂಡಿತು. ಪಿ0131. ಆಕ್ಸಿಜನ್ ಸೆನ್ಸರಿನ ವೋಲ್ಟೇಜ್ ತೀರ ಕಡಿಮೆ. ಸರಿ ಇರುವ ಸೆನ್ಸರ್ 0.1ರಿಂದ 0.9 ವೋಲ್ಟಿನ ನಡುವೆ ಹತ್ತಿ ಇಳಿಯುತ್ತಿರಬೇಕು. ಇದು ಕೆಳಗೇ ಕೂತುಬಿಟ್ಟಿತ್ತು. ಪಕ್ಕದಲ್ಲಿ ಫ್ಯೂಯೆಲ್ ಟ್ರಿಮ್ ಅನ್ನುವ ಇನ್ನೊಂದು ಅಂಕಿ, 20 ಪರ್ಸೆಂಟ್. ಕಂಪನಿ ಲೆಕ್ಕ ಹಾಕಿ ಇಟ್ಟದ್ದಕ್ಕಿಂತ ಅಷ್ಟು ಪೆಟ್ರೋಲನ್ನು ಇಸಿಯು ಜಾಸ್ತಿ ಸುರಿಯುತ್ತಿದೆ. ಅಧಿಕಮಾಸದಲ್ಲಿ ಅಳಿಯನ ಎಲೆಗೆ ಹೋಳಿಗೆ ಹಾಕುವ ಅತ್ತೆ ಹಾಗೆ, ಸಾಕು ಅನ್ನುವ ಮಾತು ಅದಕ್ಕೆ ಕೇಳಿಸುತ್ತಲೇ ಇಲ್ಲ.

“ಸೆನ್ಸರ್ ಹೋಗಿದೆ, ಹೊಸದು ತರಿಸು” ಅಂದ ಲ್ಯಾಪ್‌ಟಾಪ್. “ಇಲ್ಲ ಅಂದರೆ ಮ್ಯಾಪಿನಲ್ಲೇ, ಅಂದರೆ ಯಾವಾಗ ಎಷ್ಟು ಪೆಟ್ರೋಲ್ ಅಂತ ಇಸಿಯು ಒಳಗೆ ಬರೆದಿಟ್ಟ ಪಟ್ಟಿಯಲ್ಲೇ, ಪೆಟ್ರೋಲ್ ಕಡಿಮೆ ಮಾಡೋಣ. ಅದಕ್ಕೆ ಈ ಕೇಬಲ್ ಸಾಲದು, ಇದು ಓದೋಕೆ ಮಾತ್ರ. ಬರೆಯುವ ಸಾಮಾನು ಪುಣೆಯ ಗೆಳೆಯನ ಹತ್ತಿರ ಇದೆ.”

ಕಾಕಾ ಇಷ್ಟು ಹೊತ್ತು ಕೈ ಒರೆಸುತ್ತ ಕೇಳುತ್ತಿದ್ದರು. “ತಮ್ಮಾ, ಒಂದು ಮಾತು. ಆ ಸೆನ್ಸರಿಗೆ ಪೆಟ್ರೋಲ್ ಕಾಣಿಸುತ್ತದಾ?”

“ಇಲ್ಲ ಕಾಕಾ, ಆಕ್ಸಿಜನ್ ಮಾತ್ರ.”

“ಎಂಜಿನ್ ಒಳಗಿಂದ ಬಂದ ಆಕ್ಸಿಜನ್ನೋ, ಹೊರಗಿಂದ ನುಗ್ಗಿದ್ದೋ, ಅದಕ್ಕೆ ಗೊತ್ತಾಗುತ್ತದಾ?”

ಲ್ಯಾಪ್‌ಟಾಪ್ ಬಾಯಿ ತೆರೆದು ಮತ್ತೆ ಮುಚ್ಚಿದ. ಕಾಕಾ ಒಂದು ದಪ್ಪ ಬಟ್ಟೆ ಮಡಚಿ ಸೈಲೆನ್ಸರಿನ ಬಾಯಿಗೆ ಒತ್ತಿ ಹಿಡಿದರು. ಹೊಗೆಗೆ ದಾರಿ ಇಲ್ಲದೆ ಎಂಜಿನ್ ಹೆಡ್ಡಿನ ಹತ್ತಿರ ‘ಸುಸ್’ ಅಂತ ಸದ್ದು ಬಂತು. ಬೆಂಡ್ ಪೈಪ್ ಕೂರುವ ಜಾಗ. ಅಲ್ಲಿಂದ ಹೊಗೆ ಹೊರಗೆ ಬರುತ್ತದೆ. ಎಂಜಿನ್ ಒಂದೊಂದು ಸಲ ಹೊಗೆ ದಬ್ಬಿದ ಬೆನ್ನಿಗೇ ಪೈಪಿನಲ್ಲಿ ಒತ್ತಡ ಇಳಿದು ಹೊರಗಿನ ಗಾಳಿ ಒಳಗೂ ನುಗ್ಗುತ್ತದೆ. ಸೆನ್ಸರ್ ಇರುವುದು ಅದರಾಚೆ. ಅದು ತನಗೆ ಕಂಡದ್ದನ್ನೇ ಹೇಳುತ್ತಿತ್ತು, ಪಾಪ.

ಈ ಸ್ಥಿತಿಯಲ್ಲಿ ಮ್ಯಾಪ್ ಬದಲಿಸಿದ್ದರೆ? ಕಡಿಮೆ ಮಾಡಿದಷ್ಟು ಪೆಟ್ರೋಲನ್ನು ಇಸಿಯು ಆ ಸೆನ್ಸರಿನ ಮಾತು ಕೇಳಿ ವಾಪಸ್ ಸೇರಿಸುತ್ತಿತ್ತು. ಪುಣೆಯವನ ಫೀಸು ಮಾತ್ರ ವಾಪಸ್ ಬರುತ್ತಿರಲಿಲ್ಲ. ಹಾಗಂತ ಕಾಕಾ ಗೆದ್ದರು, ಕಂಪ್ಯೂಟರ್ ಸೋತಿತು ಅನ್ನಲು ನಾನು ತಯಾರಿಲ್ಲ. ಆ 20ರ ಅಂಕಿ ಕಾಣುವ ತನಕ ಕಾಕಾ ಪ್ಲಗ್ಗು, ಫಿಲ್ಟರು, ಚೈನು ಅಂತ ಊರೆಲ್ಲ ಸುತ್ತಿ ಬಂದಿದ್ದರು. ಬಿಲ್ಲೂ ಸುತ್ತಿ ಬಂದಿತ್ತು.

ಪೈಪ್ ಬಿಚ್ಚಬೇಕಾದರೆ ಎಂಜಿನ್ ಆರಬೇಕು. ಆ ಹೊತ್ತಿಗೆ ಮಿರ್ಚಿ ಭಜಿ ಬಂತು, ಬುಲೆಟ್‌ನ ಹೊಸ ಪ್ರಶ್ನೆಯೂ ಬಂತು. “ಮ್ಯಾಪ್ ಬರೆಯುವಾಗ ನಡುವೆ ಕೇಬಲ್ ಕಿತ್ತರೆ?”

“ಇಸಿಯು ಅರ್ಧ ಹಳೇದು, ಅರ್ಧ ಹೊಸದು ಆಗಿ ಸತ್ತು ಬೀಳಬಹುದು. ಅದಕ್ಕೇ ಮೊದಲು ಕಂಪನಿಯ ಫೈಲ್ ನಕಲು ಮಾಡಿಟ್ಟುಕೊಳ್ಳಬೇಕು. ಗಾಡಿಯ ಬ್ಯಾಟರಿ ಇಳಿಯದ ಹಾಗೆ ಚಾರ್ಜರ್ ಹಚ್ಚಬೇಕು. ಲ್ಯಾಪ್‌ಟಾಪ್ ನಡುವೆ ನಿದ್ದೆ ಹೋಗಬಾರದು.”

“ಯಾವ ಲ್ಯಾಪ್‌ಟಾಪ್? ನೀನಾ, ಅದಾ?”

“ನಕಲು ಎರಡು ಪ್ರತಿ ಇಡು” ಅಂದ ಬ್ಯಾಂಕು. “ಒಂದು ಲಾಕರಿನಲ್ಲಿ.” ಆಮೇಲೆ ವಾರಂಟಿ ನೆನಪಾಗಿ ಅವನೇ ಕೈ ಬಿಟ್ಟ. ಮ್ಯಾಪ್ ಬದಲಿಸಿದರೆ ವಾರಂಟಿ ಕೇಳುವ ಮುಖ ಇರುವುದಿಲ್ಲ, ಹೊಗೆ ಪರೀಕ್ಷೆಯಲ್ಲೂ ಸಿಕ್ಕಿಬೀಳಬಹುದು. ಸೈಲೆನ್ಸರಿನ ಸದ್ದಿಗೆ ಪೊಲೀಸರು ಹಿಡಿದರೆ ದಂಡ ಯಾರ ಖಾತೆಗೆ ಅನ್ನುವುದನ್ನು ಮಗನ ಜೊತೆ ಮನೆಯಲ್ಲಿ ತೀರ್ಮಾನ ಮಾಡುತ್ತೇನೆ ಅಂದ. ಆ ಸಭೆಗೆ ನಮ್ಮನ್ನು ಕರೆಯಲಿಲ್ಲ.

ಪೈಪ್ ಬಿಚ್ಚಿದರೆ ಒಳಗೆ, ಸಂದಿ ಮುಚ್ಚುವ ಹಳೆ ಪ್ಯಾಕಿಂಗ್. ಸೈಲೆನ್ಸರ್ ಬದಲಿಸಿದವರು ಹೊಸದು ಹಾಕದೆ ಅದನ್ನೇ ಮತ್ತೆ ಕೂರಿಸಿದ್ದರು. ಒಂದು ಕಡೆ ಪೂರ್ತಿ ಸುಟ್ಟು ಹೋಗಿತ್ತು. ಕಾಕಾ ಡಬ್ಬಿ ತಡಕಾಡಿ ಅಳತೆಗೆ ಕೂರುವ ಹೊಸ ಪ್ಯಾಕಿಂಗ್ ಹಾಕಿ ನಟ್ಟು ಬಿಗಿದರು. ಕೋಡ್ ಅಳಿಸಿ, ಬ್ಯಾಂಕನ್ನೇ ಓಡಿಸಲು ಕಳಿಸಿ, ಬಂದ ಮೇಲೆ ನೋಡಿದರೆ ಸೆನ್ಸರ್ ಹತ್ತಿ ಇಳಿಯುತ್ತಿದೆ. ಟ್ರಿಮ್ ನಾಲ್ಕಕ್ಕೆ ಬಂದಿದೆ. ಬ್ಯಾಂಕು ಡೈರಿ ತೆಗೆದ. ಲ್ಯಾಪ್‌ಟಾಪ್ ಕೂಡ ಖುಷಿಯಲ್ಲೇ ಇದ್ದ. ಕಾಕಾ ಮಾತ್ರ ಮೆಲ್ಲಗೆ ಆ ಕೇಬಲಿನ ರೇಟು ಕೇಳಿಕೊಂಡರು.

ಅಷ್ಟೊತ್ತಿಗೆ ಮಗ ಗಾಡಿ ಕೇಳಿಕೊಂಡು ಬಂದ. ಹತ್ತಿದವನು ರಸ್ತೆ ತಿರುವಿನ ತನಕ ಹೋಗಿ, ಜೋರಾಗಿ ರೇಸ್ ಕೊಟ್ಟು ಬಿಟ್ಟು, ವಾಪಸ್ ಬಂದು ನಿಲ್ಲಿಸಿದ. ಅಳು ಒಂದೇ ಬಾಕಿ.

“ಅಪ್ಪಾ, ಯಾರು ಕೈ ಹಾಕಿದರು ಇದಕ್ಕೆ? ಟ್ಯೂನಿಂಗ್ ಎಲ್ಲ ಹೋಗಿದೆ!”

“ಯಾವ ಟ್ಯೂನಿಂಗೋ?”

“ಪಟ ಪಟ ಅಂತಿತ್ತಲ್ಲ, ಅದು! ಕಾಲೇಜಿನಲ್ಲಿ ಎಲ್ಲರೂ ಎಲ್ಲಿ ಮಾಡಿಸಿದೆ ಅಂತ ಕೇಳ್ತಿದ್ದರು. ಇಸಿಯು ರೀಮ್ಯಾಪ್, ಆರು ಸಾವಿರ ಕೊಟ್ಟೆ ಅಂತ ಹೇಳಿಬಿಟ್ಟಿದ್ದೇನೆ.”

ಬಿಸಿ ಪೈಪಿನೊಳಗೆ ಹೊರಗಿನ ಗಾಳಿ ನುಗ್ಗಿ, ಉರಿಯದೆ ಉಳಿದ ಪೆಟ್ರೋಲ್ ಅಲ್ಲೇ ಸಿಡಿಯುತ್ತಿತ್ತು ಅಂತ ಲ್ಯಾಪ್‌ಟಾಪ್ ವಿವರಿಸಲು ಹೊರಟ. ಕಾಕಾ ತಡೆದರು. ಕಸದ ಬುಟ್ಟಿಯಿಂದ ಆ ಸುಟ್ಟ ಪ್ಯಾಕಿಂಗ್ ಎತ್ತಿ, ಊದಿ ಧೂಳು ತೆಗೆದು, ಹುಡುಗನ ಮುಂದೆ ಹಿಡಿದರು.

“ನಿನ್ನ ಟ್ಯೂನಿಂಗ್ ಇಲ್ಲೇ ಇದೆ ನೋಡು ತಮ್ಮಾ. ಹಚ್ಚಿ ಕೊಡಬೇಕಾ? ಆರು ಸಾವಿರ ಬೇಡ, ಐದಕ್ಕೆ ಮುಗಿಸುತ್ತೇನೆ.”