ಎಫ್‌ಎಂ-7 ಮತ್ತು ಪಿಸಿ-8801: ಮೇಲು ಯಾವುದು?

ಹಳೆಯಂತ್ರ_ಪ್ರೇಮಿ: ಜಪಾನಿನ ಎಂಟು ಬಿಟ್ ಕಂಪ್ಯೂಟರುಗಳ ಮಾತು ಬಂದರೆ ಸಾಕು, ಎಲ್ಲರೂ ಎನ್‌ಇಸಿ ಕಂಪನಿಯ ಪಿಸಿ-8801ಕ್ಕೇ ಆರತಿ ಎತ್ತುತ್ತಾರೆ. 1981ರಲ್ಲಿ ಅದರ ಬೆಲೆ 2,28,000 ಯೆನ್. ಮರುವರ್ಷದ ನವೆಂಬರಿನಲ್ಲಿ ಫುಜಿತ್ಸು ತಂದ ಎಫ್‌ಎಂ-7ರ ಬೆಲೆ 1,26,000 ಯೆನ್. ತೆರೆಯ ಮೇಲೆ ಅದೇ 640×200 ಚುಕ್ಕಿ, ಅದೇ ಎಂಟು ಬಣ್ಣ. ಜೊತೆಗೆ ಮೂರು ಸ್ವರಗಳ ಧ್ವನಿ ಚಿಪ್, ಎರಡು 6809 ಪ್ರೊಸೆಸರ್. 8801ರಲ್ಲಿ ಇದ್ದದ್ದು ಬರೀ ಬೀಪ್. ಇದರಲ್ಲಿ ಚರ್ಚೆಗೇನಿದೆ?

ಚಿಪ್‌ಮೇಷ್ಟ್ರು: ‘ಎರಡು ಪ್ರೊಸೆಸರ್’ ಎಂದು ಹೆಮ್ಮೆಪಡುತ್ತಿದ್ದೀರಲ್ಲ, ಅದೇ ಅದರ ತೊಡಕು. ಚಿತ್ರದ ಮೆಮೊರಿ ಪೂರ್ತಿ ಎರಡನೆಯ ಪ್ರೊಸೆಸರಿನ ವಶದಲ್ಲಿದೆ. ಮುಖ್ಯ ಪ್ರೊಸೆಸರ್ ಏನು ಬರೆಸಬೇಕಾದರೂ ಅದನ್ನು ತಡೆದು, 128 ಬೈಟ್‌ನ ಹಂಚಿಕೆಯ ಮೆಮೊರಿಯಲ್ಲಿ ಆದೇಶ ಇಟ್ಟು, ಮತ್ತೆ ಓಡಲು ಬಿಡಬೇಕು. ಕಿಟಕಿಯ ಸರಳುಗಳ ನಡುವೆ ಅಕ್ಕಿಮೂಟೆ ತೂರಿಸಿದ ಹಾಗೆ. ಅಂದಹಾಗೆ, 8801ರ ಡಿಸ್ಕ್ ಘಟಕದಲ್ಲೂ ಪ್ರತ್ಯೇಕ ಝಡ್80 ಪ್ರೊಸೆಸರ್ ಇತ್ತು. ಅದನ್ನೇಕೆ ಎಣಿಸುವುದಿಲ್ಲ?

ಹಳೆಯಂತ್ರ_ಪ್ರೇಮಿ: ಅದು ಡಿಸ್ಕ್ ನೋಡಿಕೊಳ್ಳಲು ಇದ್ದದ್ದು ಮೇಷ್ಟ್ರೇ, ಆಟದಲ್ಲಿ ಅದಕ್ಕೇನು ಕೆಲಸ?

ಕಾರ್ತಿಕ್_ಝಡ್80: ‘ಆಟದಲ್ಲಿ’ ಎಂದಿರಿ, ಒಳ್ಳೆಯದಾಯಿತು. ಎಫ್‌ಎಂ-7ರಲ್ಲಿ ಕೀಲಿ ಒತ್ತಿದ್ದು ಯಂತ್ರಕ್ಕೆ ತಿಳಿಯುತ್ತದೆ, ಬಿಟ್ಟದ್ದು ತಿಳಿಯುವುದಿಲ್ಲ! ಬಲಕ್ಕೆ ಹೊರಟ ವೀರ ಹೋಗುತ್ತಲೇ ಇರುತ್ತಾನೆ. ಅವನನ್ನು ನಿಲ್ಲಿಸಲು ಎಷ್ಟೋ ಆಟಗಳಲ್ಲಿ ಸಂಖ್ಯಾಕೀಲಿಗಳ 5 ಒತ್ತಬೇಕಿತ್ತು. ಇದನ್ನು ಮೇಲು ಎನ್ನುತ್ತೀರಾ?

ಸುಮಾ_ಪಿಕ್ಸೆಲ್: ಅದೇ ನವೆಂಬರಿನಲ್ಲಿ ಶಾರ್ಪ್‌ನ ಎಕ್ಸ್1 ಕೂಡ ಬಂದಿತ್ತು. ಅದನ್ನು ರೂಪಿಸಿದ್ದು ಟೆಲಿವಿಷನ್ ವಿಭಾಗ. ಟಿವಿ ಚಿತ್ರದ ಮೇಲೆಯೇ ಕಂಪ್ಯೂಟರಿನ ಚಿತ್ರ ಮೂಡಿಸುತ್ತಿತ್ತು. ಅದನ್ನೇಕೆ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿಲ್ಲ?

ಹಳೆಯಂತ್ರ_ಪ್ರೇಮಿ: ಕಾರ್ತಿಕ್, ‘ಬಿಟ್ಟದ್ದು ತಿಳಿಯುವುದಿಲ್ಲ’ ಎಂಬುದು ಅರ್ಧ ಸತ್ಯ. ಬ್ರೇಕ್ ಕೀಲಿ ಬಿಟ್ಟದ್ದು ತಿಳಿಯುತ್ತದೆ.

ಕಾರ್ತಿಕ್_ಝಡ್80: ಒಂದು ಕೀಲಿ! ಇಡೀ ಕೀಲಿಮಣೆಯಲ್ಲಿ ಒಂದು ಕೀಲಿ ಹಿಡಿದು ವಾದಿಸುತ್ತೀರಾ? ಬ್ರೇಕ್ ಒತ್ತಿಕೊಂಡು ಯಾರು ಆಟ ಆಡುತ್ತಾರೆ?

ಚಿಪ್‌ಮೇಷ್ಟ್ರು: ಎಫ್‌ಎಂ-7ರ ಕೀಲಿಮಣೆ ಅಕ್ಷರದ ಸಂಕೇತ ಕಳಿಸಿ ಕೈತೊಳೆದುಕೊಳ್ಳುತ್ತದೆ. 8801ರಲ್ಲಿ ಯಾವ ಕೀಲಿ ಈಗ ಒತ್ತಿದೆ ಎಂಬುದನ್ನು ಪ್ರೋಗ್ರಾಮ್ ನೇರವಾಗಿ ಓದಬಹುದು. ಮೂಲ ವಿನ್ಯಾಸದ ದೋಷ ಇದು. 5 ಒತ್ತಿದರೆ ಮಾಯವಾಗುವುದಿಲ್ಲ.

ಹಳೆಯಂತ್ರ_ಪ್ರೇಮಿ: ‘ಮಾಯವಾಗುವುದಿಲ್ಲ’ ಎಂದವರು ಯಾರು? ಎಫ್‌ಎಂ-7ರ ಮುಂದಿನ ಪೀಳಿಗೆಯಾದ 1985ರ ಎಫ್‌ಎಂ77ಎವಿಯಲ್ಲಿ ಕೀಲಿ ಬಿಟ್ಟದ್ದನ್ನೂ ಓದಬಹುದಾಗಿತ್ತು. ಮೇಲಾಗಿ 4096 ಬಣ್ಣ. 8801 ಆಗಲೂ ಎಂಟೇ ಬಣ್ಣಕ್ಕೆ ಜೋತುಬಿದ್ದಿತ್ತು.

ಕಾರ್ತಿಕ್_ಝಡ್80: ಆ ಎಂಟನ್ನು 512ರಿಂದ ಆರಿಸಿಕೊಳ್ಳಬಹುದಿತ್ತು ಎಂಬುದನ್ನು ನುಂಗಿಬಿಟ್ಟಿರಿ. ಇರಲಿ, ಎಫ್‌ಎಂ77ಎವಿ ಬೇರೆ ಯಂತ್ರ. ಚರ್ಚೆ ಎಫ್‌ಎಂ-7ರದು. ಮೂರು ವರ್ಷದ ನಂತರದ ಯಂತ್ರವನ್ನು ಸಾಕ್ಷಿಗೆ ಕರೆಯುವುದು ಸೋತವರ ವಾದ.

ಹಳೆಯಂತ್ರ_ಪ್ರೇಮಿ: ಹಾಗಾದರೆ 512 ಬಣ್ಣವನ್ನೂ ನೀವು ಹಿಂದಕ್ಕೆ ತೆಗೆದುಕೊಳ್ಳಿ. ಅದು ಬಂದದ್ದು 8801ರ 1985ರ ಮಾದರಿಯಾದ ಎಂಕೆ2 ಎಸ್‌ಆರ್‌ನಲ್ಲಿ. ಯಮಾಹಾ ವೈಎಂ2203 ಚಿಪ್‌ನ ಸಂಗೀತ ಸೇರಿದ್ದೂ ಅದರಲ್ಲೇ. ಥೆಕ್ಸ್‌ಡರ್ ಆಟ ಬರೆದದ್ದೂ ಅದಕ್ಕೇ. ನಿಮ್ಮ ಆರತಿಯೆಲ್ಲ ಎಸ್‌ಆರ್‌ಗೆ ಸಲ್ಲಬೇಕಾದದ್ದು, 1981ರ ಪೆಟ್ಟಿಗೆಗಲ್ಲ!

ಚಿಪ್‌ಮೇಷ್ಟ್ರು: ‘ಪೆಟ್ಟಿಗೆ’ ಎಂಬ ಮಾತು ಬೇಡ. ಎಸ್‌ಆರ್‌ನಲ್ಲಿ ಹಳೆಯ 8801ರ ಪ್ರೋಗ್ರಾಮುಗಳಿಗೆಂದೇ ವಿ1 ಮೋಡ್ ಉಳಿಸಿಕೊಂಡಿದ್ದರು. ಅದು ಒಂದೇ ವಂಶ.

ಹಳೆಯಂತ್ರ_ಪ್ರೇಮಿ: ಎಫ್‌ಎಂ77ಎವಿಯೂ ಎಫ್‌ಎಂ-7ರ ಪ್ರೋಗ್ರಾಮು ಓಡಿಸುತ್ತದೆ. ನಿಮ್ಮದು ವಂಶ, ನಮ್ಮದು ಬೇರೆ ಯಂತ್ರವೇ?

ಕಾರ್ತಿಕ್_ಝಡ್80: ವಂಶವಾದರೂ ಆಗಲಿ. 1982ರಲ್ಲಿ 1,26,000 ಯೆನ್ ಕೊಟ್ಟವನ ವೀರ ನಿಲ್ಲುತ್ತಿದ್ದನೋ ಇಲ್ಲವೋ? ಅಷ್ಟು ಹೇಳಿ.

ಹಳೆಯಂತ್ರ_ಪ್ರೇಮಿ: ನಿಲ್ಲುತ್ತಿದ್ದ. 5 ಒತ್ತಿದರೆ.

ಸುಮಾ_ಪಿಕ್ಸೆಲ್: ಎಕ್ಸ್1ರ ಬೆಲೆ 1,55,000 ಯೆನ್. ಕ್ಯಾಸೆಟ್ ಡೆಕ್ ಒಳಗೇ ಇತ್ತು, ಟೇಪನ್ನು ಮುಂದೆ ಹಿಂದೆ ಓಡಿಸುವುದನ್ನು ಪ್ರೋಗ್ರಾಮೇ ಮಾಡುತ್ತಿತ್ತು. ಯಾರಾದರೂ ಉತ್ತರಿಸುತ್ತೀರಾ?

ಕಾರ್ತಿಕ್_ಝಡ್80: ‘5 ಒತ್ತಿದರೆ’. ಇದನ್ನು ಎಲ್ಲರೂ ಓದಿಕೊಳ್ಳಿ.